ಮುಂದಿನ ಪೆಟ್ಟಿಗೆಗೂ ಬರುವ ಭಾಗ ಯಾವುದು?

ಒಂದು ವಾರ ನನ್ನ ಮೇಜಿನ ಮೇಲೆ ಎರಡು ಕಂಪ್ಯೂಟರ್‌ಗಳು ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವು. ಒಂದು, ಕಚೇರಿಯೊಂದು ವಿಲೇವಾರಿಗೆಂದು ಹೊರಗಿಟ್ಟಿದ್ದ ಕಪ್ಪು ಟವರ್. ಇನ್ನೊಂದು, ಅಕ್ಕನ ಮಗನ ಗೆಳೆಯನ ಮನೆಯಲ್ಲಿ ಮಾರಾಟಕ್ಕಿದ್ದ ‘ಗೇಮಿಂಗ್’ ಕಂಪ್ಯೂಟರ್: ಮುಂದೆಯೂ ಪಕ್ಕದಲ್ಲೂ ಗಾಜು, ಅದರ ಹಿಂದೆ ಬಣ್ಣ ಬದಲಿಸುತ್ತ ತಿರುಗುವ ಮೂರು ಫ್ಯಾನ್. ಕೊಳ್ಳುವ ಮುನ್ನ ತೆರೆದು ನೋಡಲು ಎರಡೂ ಕಡೆಯವರು ಒಪ್ಪಿದ್ದರು. ಕೊಳ್ಳುವವನು ಅಕ್ಕನ ಮಗ. ಬಿಡಿಭಾಗಗಳನ್ನೆಲ್ಲ ಹೊಸದಾಗಿ ತಂದು ಜೋಡಿಸುವಷ್ಟು ಹಣ ಒಟ್ಟಿಗೆ ಅವನ ಬಳಿ ಇರಲಿಲ್ಲ. ಈಗ ಒಂದು ಸಿದ್ಧ ಯಂತ್ರ ತೆಗೆದುಕೊಂಡು, ಹಣ ಕೂಡಿದಂತೆ ಒಂದೊಂದೇ ಭಾಗ ಬದಲಿಸುತ್ತ ಹೋಗುವುದು ಅವನ ಲೆಕ್ಕ.

“ಗಾಜಿನದೇ ತೆಗೆದುಕೊಳ್ಳೋಣ ಮಾಮ, ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಈಗಾಗಲೇ ಇದೆ” ಎಂದ. ಆಟದ ಚಿತ್ರಗಳನ್ನು ಮೂಡಿಸುವ ಬಿಡಿಭಾಗ ಅದು. ನನ್ನ ಒಲವು ಕಪ್ಪು ಟವರ್ ಕಡೆಗಿತ್ತು. ಕಚೇರಿಯ ಯಂತ್ರಗಳು ನೋಡಲು ಮಂಕಾಗಿದ್ದರೂ ಗಟ್ಟಿಯಾಗಿರುತ್ತವೆ ಎಂಬುದು ನನ್ನ ಹಳೆಯ ನಂಬಿಕೆ. ಆ ನಂಬಿಕೆ ಸುಳ್ಳಾಗಲಿಲ್ಲ, ಆದರೆ ಈ ಕೆಲಸಕ್ಕೆ ಸಾಲಲಿಲ್ಲ.

ಎರಡರ ಜಾತಕವನ್ನು ಮೊದಲು ಹೇಳಿಬಿಡುತ್ತೇನೆ. ಕಪ್ಪು ಟವರ್‌ನಲ್ಲಿ ಇಂಟೆಲ್‌ನ 2018ರ ಪ್ರೊಸೆಸರ್ ಕೋರ್ ಐ5-8500: ಆರು ಕೋರ್ (ಲೆಕ್ಕ ಮಾಡುವ ಘಟಕ), ಆರು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು), 65 ವಾಟ್. 8 ಜಿಬಿ ಡಿಡಿಆರ್4 ರ‍್ಯಾಮ್, ಒಂದೇ ಪಟ್ಟಿ. ಹಳೆಯ ಹಾರ್ಡ್ ಡಿಸ್ಕ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ 2022ರ ಐ5-12400ಎಫ್: ಆರು ಕೋರ್, ಹನ್ನೆರಡು ಥ್ರೆಡ್. ಎಲ್ಲ ಭಾಗಗಳನ್ನೂ ಕೂಡಿಸುವ ಹಲಗೆ, ಅಂದರೆ ಎಚ್610 ಚಿಪ್‌ಸೆಟ್‌ನ ಚಿಕ್ಕ ಮದರ್‌ಬೋರ್ಡ್, ಅಲ್ಲಿಯೂ 8 ಜಿಬಿ ಡಿಡಿಆರ್4 ಒಂದೇ ಪಟ್ಟಿ, ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ವೇಗದ ಬದಲಿ), ಮತ್ತು 4 ಜಿಬಿ ಮೆಮೊರಿಯ ಜಿಟಿಎಕ್ಸ್ 1650 ಕಾರ್ಡ್.

ಅಂಗಡಿಯ ಫಲಕಗಳಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಇಷ್ಟೇ. ನನಗೆ ಬೇಕಿದ್ದದ್ದು ಅಲ್ಲಿ ಬರೆದಿರಲಿಲ್ಲ. ಮೂರು ವರ್ಷದ ನಂತರ ಈ ಪೆಟ್ಟಿಗೆ ಸಾಕು ಎನಿಸಿದಾಗ, ಇದರಲ್ಲಿ ಹಾಕಿದ ಹಣದಲ್ಲಿ ಎಷ್ಟು ಭಾಗ ಮುಂದಿನ ಪೆಟ್ಟಿಗೆಗೆ ನಡೆದು ಬರುತ್ತದೆ? ಅದಕ್ಕೆ ಉತ್ತರ ಮುಚ್ಚಳದ ಒಳಗಿರುತ್ತದೆ.

ಮೊದಲು ಕಪ್ಪು ಟವರ್

ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಹಿಂದಿನ ಕೊಂಡಿ ಎಳೆದರೆ ಸಾಕು. ಒಳಗೆ ವೈರುಗಳು ಅಚ್ಚುಕಟ್ಟಾಗಿ ಮಡಚಿ ಕುಳಿತಿದ್ದವು. ಈ ಅಚ್ಚುಕಟ್ಟೇ ನನಗೆ ಬಂದ ಮೊದಲ ಅನುಮಾನ. ಸಾಮಾನ್ಯ ಕಂಪ್ಯೂಟರ್‌ನಲ್ಲಿ ವಿದ್ಯುತ್ ಪೂರೈಸುವ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ 24 ಪಿನ್‌ಗಳ ದಪ್ಪ ಹಗ್ಗದಂಥ ಕೇಬಲ್ ಬರುತ್ತದೆ. ಡಿಸ್ಕ್‌ಗಳಿಗೆ ಬೇರೆ, ಕಾರ್ಡಿಗೆ ಬೇರೆ. ಇಲ್ಲಿ ಅದ್ಯಾವುದೂ ಇರಲಿಲ್ಲ. ಎಸ್‌ಎಂಪಿಎಸ್‌ನಿಂದ ಹೊರಟದ್ದು ಎರಡು ತೆಳ್ಳನೆಯ ಕೇಬಲ್ ಮಾತ್ರ, ಎರಡೂ ಬೋರ್ಡಿಗೆ. ಹಾರ್ಡ್ ಡಿಸ್ಕಿಗೆ ವಿದ್ಯುತ್ ಹೋಗುತ್ತಿದ್ದದ್ದು ಬೋರ್ಡಿನಿಂದ. ಅಂದರೆ ಎಸ್‌ಎಂಪಿಎಸ್ 12 ವೋಲ್ಟ್ ಮಾತ್ರ ಕೊಡುತ್ತದೆ, 5 ವೋಲ್ಟ್ ಮತ್ತು 3.3 ವೋಲ್ಟನ್ನು ಬೋರ್ಡೇ ತಯಾರಿಸಿಕೊಳ್ಳುತ್ತದೆ. ವಿದ್ಯುತ್ ಉಳಿತಾಯದ ದೃಷ್ಟಿಯಿಂದ ಜಾಣ ವಿನ್ಯಾಸವೇ. ಆದರೆ ಬೀಗ ಹಾಕಿದ ಮನೆ.

ಲೇಬಲ್ ಓದಿದೆ: ಒಟ್ಟು 260 ವಾಟ್. ಅಳತೆಪಟ್ಟಿ ಹಿಡಿದೆ. ಎಲ್ಲೆಡೆ ಬಳಕೆಯಲ್ಲಿರುವ ಎಟಿಎಕ್ಸ್ ಮಾದರಿಯ ಎಸ್‌ಎಂಪಿಎಸ್‌ನ ಹಿಂಬದಿ 150 ಮಿಲಿಮೀಟರ್ ಅಗಲ, 86 ಮಿಲಿಮೀಟರ್ ಎತ್ತರ ಇರುತ್ತದೆ. ಇದು ಆ ಅಳತೆಯದಲ್ಲ, ಸ್ಕ್ರೂ ತೂತುಗಳೂ ಬೇರೆ ಜಾಗದಲ್ಲಿ. ನಾಳೆ ದೊಡ್ಡ ಎಸ್‌ಎಂಪಿಎಸ್ ತಂದರೆ ಅದನ್ನು ಪೆಟ್ಟಿಗೆಯ ಹೊರಗಿಟ್ಟು, 24 ಪಿನ್‌ನಿಂದ ಈ ಬೋರ್ಡಿಗೆ ಹೊಂದುವ ಅಡಾಪ್ಟರ್ ಕೇಬಲ್ ಹುಡುಕಬೇಕು. ಹಾಗೆ ಮಾಡಿದವರಿದ್ದಾರೆ. ನಾನೂ ಒಂದು ಕಾಲಕ್ಕೆ ಮಾಡುತ್ತಿದ್ದೆ. ಈಗ ಮೊಣಕಾಲು ಒಪ್ಪುವುದಿಲ್ಲ.

ಇನ್ನೂ ಎರಡು ಬೀಗಗಳಿದ್ದವು. ಪ್ರೊಸೆಸರ್ ಫ್ಯಾನಿನ ಕನೆಕ್ಟರ್ ಎಲ್ಲರ ಮನೆಯ ನಾಲ್ಕು ಪಿನ್‌ನದಲ್ಲ, ಐದು ಪಿನ್‌ನದು. ಅದನ್ನು ಕಿತ್ತು ಆನ್ ಮಾಡಿ ನೋಡಿದೆ; ಫ್ಯಾನ್ ಕೆಟ್ಟಿದೆ, ಮುಂದುವರಿಯಲು ಕೀ ಒತ್ತಿ ಎಂದು ಪರದೆ ನಿಂತುಬಿಟ್ಟಿತು. ಬೇರೆ ಕೂಲರ್ ಹಾಕಿದರೆ ಪ್ರತಿ ಬಾರಿಯೂ ಈ ಅರ್ಜಿಗೆ ಸಹಿ ಹಾಕುತ್ತಿರಬೇಕು. ಪವರ್ ಬಟನ್‌ನ ವೈರು ಕೂಡ ಅದರದೇ ಆಕಾರದ್ದು. ಹಾಗಾಗಿ ಬೋರ್ಡ್ ಹೋದರೆ ಕ್ಯಾಬಿನೆಟ್ ಹೋಯಿತು, ಕ್ಯಾಬಿನೆಟ್ ಹೋದರೆ ಎಸ್‌ಎಂಪಿಎಸ್ ಹೋಯಿತು. ಬೋರ್ಡಿನ ಜೊತೆಗೆ ಬಂದ ವಿಂಡೋಸ್ ಪರವಾನಗಿಯೂ ಅದೇ ಬೋರ್ಡಿಗೆ ಅಂಟಿಕೊಂಡದ್ದು, ಅದೂ ಹೋಯಿತು. ಎಲ್ಲರೂ ಕೈ ಹಿಡಿದುಕೊಂಡು ಒಂದೇ ಬಾವಿಗೆ ಬೀಳುವ ಸಂಸಾರ.

ಹಾಗೆಂದು ಅಲ್ಲಿಗೇ ಕೈಬಿಡಲಿಲ್ಲ. ಎಂಟನೇ ತಲೆಮಾರಿನ ಪ್ರೊಸೆಸರ್ ಆದ್ದರಿಂದ ವಿಂಡೋಸ್ 11 ಅಧಿಕೃತವಾಗಿ ಒಪ್ಪುತ್ತದೆ. ಇದಕ್ಕಿಂತ ಒಂದು ತಲೆಮಾರು ಹಳೆಯದಾಗಿದ್ದರೆ ತೊಡಕಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ರಷ್‌ನಿಂದ ಧೂಳು ತೆಗೆದು, ಪ್ರೊಸೆಸರ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ, ಸುಣ್ಣದ ಹಾಗೆ ಒಣಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಈ ಎರಡು ಕೆಲಸಕ್ಕೆ ಅರ್ಧ ಗಂಟೆ. ಪ್ರೊಸೆಸರ್ ಫ್ಯಾನ್ ಅಲ್ಲಿಂದ ಮುಂದೆ ಸದ್ದೆತ್ತಲಿಲ್ಲ.

ಒಂದು ಸ್ಕ್ರೂ ಕಥೆ

ಯಾವ ಪೆಟ್ಟಿಗೆ ಕೊಂಡರೂ ಎರಡು ವಸ್ತು ಬೇಕೇ ಬೇಕಿತ್ತು: ಇನ್ನೊಂದು 8 ಜಿಬಿ ರ‍್ಯಾಮ್ ಪಟ್ಟಿ, ಆಟಗಳಿಗೆಂದು ಒಂದು ದೊಡ್ಡ ಎಸ್‌ಎಸ್‌ಡಿ. ಎರಡೂ ಬೋರ್ಡುಗಳು ಡಿಡಿಆರ್4 ಜಾತಿಯವೇ ಆದ್ದರಿಂದ ತೀರ್ಮಾನಕ್ಕೆ ಮೊದಲೇ ಕೊಂಡೆವು. 3200ರ ವೇಗದ ಪಟ್ಟಿ ಕಪ್ಪು ಟವರ್‌ನಲ್ಲಿ 2666ಕ್ಕೆ ಇಳಿದು ಓಡುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ 3200ರಲ್ಲೇ ಓಡುತ್ತದೆ. ಬೋರ್ಡ್ ಡಿಡಿಆರ್5 ಆಗಿದ್ದರೆ ಈ ಆಟ ನಡೆಯುತ್ತಿರಲಿಲ್ಲ. ಎರಡಕ್ಕೂ 288 ಪಿನ್ ಇದ್ದರೂ ಅಂಚಿನ ಸೀಳು ಬೇರೆ ಜಾಗದಲ್ಲಿದೆ, ಪಟ್ಟಿ ಕೂರುವುದೇ ಇಲ್ಲ.

ಪಟ್ಟಿಯಾಕಾರದ ಎಸ್‌ಎಸ್‌ಡಿಯನ್ನು ನೇರವಾಗಿ ಬೋರ್ಡಿಗೆ ಸಿಕ್ಕಿಸುವ ಎಂ.2 ಸ್ಲಾಟ್ ಕಪ್ಪು ಟವರ್‌ನಲ್ಲಿತ್ತು. ಪಟ್ಟಿಯನ್ನು ಓರೆಯಾಗಿ ತೂರಿಸಿ ಕೆಳಗೊತ್ತಿ ಹಿಡಿದಾಗ ಗೊತ್ತಾಯಿತು, ಇನ್ನೊಂದು ತುದಿಯನ್ನು ಬಿಗಿಯುವ ಸ್ಕ್ರೂವೇ ಇಲ್ಲ. ಕೈ ಬಿಟ್ಟರೆ ಪಟ್ಟಿ ಮೆಲ್ಲನೆ ತಲೆ ಎತ್ತುತ್ತದೆ. ಕ್ಯಾಬಿನೆಟ್‌ನ ಸ್ಕ್ರೂ ಯಾವುದೂ ಅಲ್ಲಿ ಹಿಡಿಯುವುದಿಲ್ಲ. ಇದು 2 ಮಿಲಿಮೀಟರ್‌ನ ಸಣ್ಣ ಸ್ಕ್ರೂ, ತಲೆ ಮಾತ್ರ ಅಗಲ. “ಟೇಪ್ ಅಂಟಿಸೋಣವೇ ಮಾಮ?” ಎಂದ ಹುಡುಗ. ಬಿಸಿಯಾಗುವ ಜಾಗಕ್ಕೆ ಟೇಪ್ ಬೇಡ ಎಂದು ಹೇಳಿ, ಸತ್ತು ಮಲಗಿದ್ದ ಹಳೆಯ ಲ್ಯಾಪ್‌ಟಾಪ್ ಒಂದನ್ನು ಬಿಚ್ಚಿದೆವು. ಅದರ ಎಂ.2 ಪಟ್ಟಿಯ ಸ್ಕ್ರೂ ತೆಗೆಯುವಾಗ ನನ್ನ ಸ್ಕ್ರೂ ಡ್ರೈವರ್ ಅದರ ತಲೆಯನ್ನೇ ಸವೆಸತೊಡಗಿತು. ಒಂದು ಅಳತೆ ಚಿಕ್ಕದು ಹಿಡಿದಿದ್ದೆ. ಸರಿಯಾದ ತುದಿ ಹುಡುಕಿ, ನೇರವಾಗಿ ಭಾರ ಬಿಟ್ಟು, ಕಾಲು ಸುತ್ತು ತಿರುಗಿಸಿದಾಗ ‘ಟಕ್’ ಎಂದು ಸಡಿಲವಾಯಿತು. ಕಾಂತದ ತುದಿಗೆ ಅಂಟಿಕೊಂಡ ಆ ಅಕ್ಕಿಕಾಳಿನಷ್ಟು ಲೋಹಕ್ಕಾಗಿ ನಲವತ್ತು ನಿಮಿಷ ಹೋಯಿತು. ಬಳಸಿದ ಕಂಪ್ಯೂಟರ್ ಕೊಳ್ಳುವವರು ಇದನ್ನು ಮೊದಲೇ ನೋಡಿಕೊಳ್ಳಿ. ಕಚೇರಿಗಳು ಡಿಸ್ಕ್ ತೆಗೆದುಕೊಂಡು ಪೆಟ್ಟಿಗೆ ಮಾರುವಾಗ ಈ ಸ್ಕ್ರೂ ಡಿಸ್ಕಿನ ಜೊತೆ ಹೋಗಿಬಿಡುವುದು ಸಹಜ.

ಒಂದೇ ಕಾರ್ಡ್, ಎರಡು ಯಂತ್ರ

ಗಾಜಿನ ಪೆಟ್ಟಿಗೆಯ ಜಿಟಿಎಕ್ಸ್ 1650ಗೆ ಪ್ರತ್ಯೇಕ ವಿದ್ಯುತ್ ಕೇಬಲ್ ಇರಲಿಲ್ಲ. ಇದೇ ಕಾರ್ಡಿನ ಕೆಲವು ಮಾದರಿಗಳಲ್ಲಿ ಆರು ಪಿನ್‌ನ ಕನೆಕ್ಟರ್ ಇರುತ್ತದೆ, ನಮ್ಮದರಲ್ಲಿ ಇಲ್ಲದ್ದು ಅನುಕೂಲವೇ ಆಯಿತು. ಬೋರ್ಡಿನಲ್ಲಿ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿಯೇ ಹೆಚ್ಚೆಂದರೆ 75 ವಾಟ್ ಕೊಡುತ್ತದೆ, ಈ ಕಾರ್ಡ್ ಅಷ್ಟರೊಳಗೇ ಬದುಕುತ್ತದೆ. ಹಾಗಾಗಿ ಅದನ್ನು ಕಿತ್ತು ಕಪ್ಪು ಟವರ್‌ಗೆ ಹಾಕಿದೆ. ಕಾರ್ಡಿನ ಕೆಳಗೆ, ಡಿಸ್ಕ್‌ಗಳ ಕೇಬಲ್ ಸಿಕ್ಕಿಸುವ ಎರಡು ಸಾಟಾ ಪೋರ್ಟ್‌ಗಳು ಮುಚ್ಚಿಹೋದವು. ಹಾರ್ಡ್ ಡಿಸ್ಕಿನ ಕೇಬಲನ್ನು ಮೂರನೆಯ ಪೋರ್ಟಿಗೆ ಸರಿಸಿದೆ.

ಒಂದೇ ಆಟ, ಪರದೆಯ ಸ್ಪಷ್ಟತೆ 1080ಪಿ, ಒಂದೇ ಸೆಟ್ಟಿಂಗ್. ಮೊದಲು ಒಂದೇ ರ‍್ಯಾಮ್ ಪಟ್ಟಿಯಲ್ಲಿ ಓಡಿಸಿದೆ. ಖಾಲಿ ರಸ್ತೆಯಲ್ಲಿ ಚೆನ್ನಾಗಿತ್ತು, ಜನಸಂದಣಿಯ ಪೇಟೆಗೆ ತಿರುಗಿದ ತಕ್ಷಣ ಎಡವಿತು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಪ್ರತಿ ಚಿತ್ರಕ್ಕೆ 16.7 ಮಿಲಿಸೆಕೆಂಡ್ ಮಾತ್ರ ಸಿಗುತ್ತದೆ. ಸರಾಸರಿ ಎಷ್ಟೇ ಚೆನ್ನಾಗಿದ್ದರೂ ನಡುನಡುವೆ ಒಂದು ಚಿತ್ರ ಅದರ ಮೂರು ಪಟ್ಟು ತಡವಾದರೆ ಕೈಗೆ ಗೊತ್ತಾಗುತ್ತದೆ. ಎರಡನೆಯ ಪಟ್ಟಿ ಹಾಕಿದೆ. ಡಿಡಿಆರ್4-2666ರ ಒಂದು ಪಟ್ಟಿ ಕಾಗದದ ಮೇಲೆ ಸೆಕೆಂಡಿಗೆ 21.3 ಜಿಬಿ ಸಾಗಿಸುತ್ತದೆ, ಜೋಡಿ ಪಟ್ಟಿ ಅದರ ಎರಡರಷ್ಟು. ಸರಾಸರಿ ಹೆಚ್ಚೇನೂ ಬದಲಾಗಲಿಲ್ಲ, ಎಡವುವುದು ಬಹುಮಟ್ಟಿಗೆ ನಿಂತಿತು. ಗೋಡೆಯ ಸಾಕೆಟ್‌ಗೆ ಸಿಕ್ಕಿಸಿದ್ದ ವಾಟ್ ಮೀಟರ್ 150ರ ಆಸುಪಾಸಿನಲ್ಲಿತ್ತು. 260 ವಾಟ್‌ನ ಎಸ್‌ಎಂಪಿಎಸ್‌ಗೆ ಅದು ಬೆವರಿಳಿಸುವ ಕೆಲಸವೇ ಅಲ್ಲ.

ಆಮೇಲೆ ಕಾರ್ಡನ್ನು ಗಾಜಿನ ಪೆಟ್ಟಿಗೆಗೆ ಮರಳಿಸಿ ಅದೇ ಆಟ ಓಡಿಸಿದೆ. ನಾಲ್ಕು ವರ್ಷ ಹೊಸ ಪ್ರೊಸೆಸರ್, ಆದರೂ ಸರಾಸರಿ ಹೆಚ್ಚೂ ಕಡಿಮೆ ಅಷ್ಟೇ! ಹುಡುಗನ ಮುಖ ಸಪ್ಪಗಾಯಿತು. ಕಾರಣ ಪರದೆಯ ಮೂಲೆಯಲ್ಲೇ ಇತ್ತು. ಎರಡೂ ಯಂತ್ರಗಳಲ್ಲಿ ಕಾರ್ಡಿನ ಬಳಕೆ 98, 99 ಶೇಕಡಾ. ಕಾರ್ಡ್ ಏದುಸಿರು ಬಿಡುತ್ತಿರುವಾಗ ಪ್ರೊಸೆಸರ್ ಎಷ್ಟು ಚುರುಕಾಗಿದ್ದರೂ ಕಾಯುತ್ತ ಕೂರುತ್ತದೆ. ಸೆಟ್ಟಿಂಗ್‌ಗಳನ್ನೆಲ್ಲ ಕನಿಷ್ಠಕ್ಕಿಳಿಸಿ ಕಾರ್ಡಿನ ಹೊರೆ ಕಡಿಮೆ ಮಾಡಿದಾಗಲೇ ವ್ಯತ್ಯಾಸ ಬಯಲಾದದ್ದು: ಕಪ್ಪು ಟವರ್‌ನಲ್ಲಿ ಕಾರ್ಡ್ ಅರೆಹೊಟ್ಟೆಯಲ್ಲಿ ಕುಳಿತಿತು, ಗಾಜಿನದರಲ್ಲಿ ಆಗಲೂ ದುಡಿಯುತ್ತಿತ್ತು. ಮುಂದೆ ದೊಡ್ಡ ಕಾರ್ಡ್ ತಂದರೆ ಅದಕ್ಕೆ ಉಣಿಸುವ ಶಕ್ತಿ ಯಾವುದಕ್ಕಿದೆ ಎಂಬುದು ಅಲ್ಲಿ ತಿಳಿಯಿತು.

ಹಾಗಾದರೆ ಕಪ್ಪು ಟವರ್‌ಗೆ ಮುಂದೇನು ದಾರಿ? ಕೇಬಲ್ ಬೇಡದ ಕಾರ್ಡುಗಳಲ್ಲೇ ಹುಡುಕಬೇಕು. 2022ರ ಆರ್‌ಎಕ್ಸ್ 6400 ಇದೆ, 53 ವಾಟ್ ಮಾತ್ರ. ಅದರಲ್ಲೊಂದು ಬಲೆ ಇದೆ. ಆ ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕೇ ಲೇನ್ (ಮಾಹಿತಿ ಸಾಗುವ ಸಾಲು) ಬಳಸುತ್ತದೆ. ಪಿಸಿಐ ಎಕ್ಸ್‌ಪ್ರೆಸ್‌ನ 4.0 ಆವೃತ್ತಿಯ ಬೋರ್ಡಿನಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 8 ಜಿಬಿಯ ರಸ್ತೆ, 3.0 ಮಾತ್ರ ಗೊತ್ತಿರುವ ಈ ಟವರ್‌ನಲ್ಲಿ ಅದರ ಅರ್ಧ. ಕಾರ್ಡಿನ 4 ಜಿಬಿ ತುಂಬಿ ಉಕ್ಕಿದಾಗ ಉಳಿದದ್ದನ್ನು ಈ ಕಿರಿದಾದ ಓಣಿಯಲ್ಲೇ ತರಬೇಕು. 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ವಾಸಿ, 70 ವಾಟ್, ಕೇಬಲ್ ಬೇಡ. ಅಲ್ಲಿಗೆ ಹೆಚ್ಚೂ ಕಡಿಮೆ ಗೋಡೆ.

“ಸಾಟಾ ಕೇಬಲ್‌ನಿಂದ ಆರು ಪಿನ್‌ಗೆ ಬದಲಿಸುವ ಅಡಾಪ್ಟರ್ ಸಿಗುತ್ತದಂತೆ” ಎಂದು ಹುಡುಗ ಒಂದು ಚಿತ್ರ ತೋರಿಸಿದ. ಸಿಗುತ್ತದೆ, ಬೇಡ ಎಂದೆ. ಸಾಟಾ ವಿದ್ಯುತ್ ಕನೆಕ್ಟರ್‌ನಲ್ಲಿ 12 ವೋಲ್ಟಿನ ಮೂರು ಪಿನ್, ಒಂದೊಂದಕ್ಕೆ 1.5 ಆಂಪ್ ಮಿತಿ. ಒಟ್ಟು 54 ವಾಟ್. ಆರು ಪಿನ್ ಕನೆಕ್ಟರ್ ಇರುವ ಕಾರ್ಡಿಗೆ ಅದರಿಂದ 75 ವಾಟ್ ಎಳೆಯುವ ಹಕ್ಕಿದೆ. ಮೇಲಾಗಿ ಈ ಟವರ್‌ನಲ್ಲಿ ಸಾಟಾ ವಿದ್ಯುತ್ ಬರುವುದೇ ಬೋರ್ಡಿನ ಎಳೆಗಳ ಮೂಲಕ. ಕರಗಿದ ಪ್ಲಾಸ್ಟಿಕ್ ವಾಸನೆ ಒಮ್ಮೆ ಮೂಗಿಗೆ ಬಡಿದವನು ಇಂಥ ಅಡಾಪ್ಟರ್ ಮುಟ್ಟುವುದಿಲ್ಲ, ನನಗೆ ಬಡಿದಿದೆ.

ಗಾಜಿನ ಹಿಂದೆ

ಇನ್ನು ಗೇಮಿಂಗ್ ಪೆಟ್ಟಿಗೆ. ಅದರ ಎಸ್‌ಎಂಪಿಎಸ್ ಮೇಲೆ ಬಂಗಾರದ ಬಣ್ಣದಲ್ಲಿ ‘450’ ಎಂದು ಬರೆದಿತ್ತು. ಪಕ್ಕದ ಸಣ್ಣ ಕೋಷ್ಟಕ ಬೇರೆಯೇ ಕಥೆ ಹೇಳುತ್ತಿತ್ತು: 12 ವೋಲ್ಟಿನಲ್ಲಿ 25 ಆಂಪ್. ಗುಣಿಸಿದರೆ 300 ವಾಟ್. ಇಂದಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟನ್ನೇ. ಉಳಿದ ವೋಲ್ಟೇಜುಗಳಲ್ಲಿ ಎಷ್ಟು ವಾಟ್ ಬರೆದಿದ್ದರೂ ಅದು ತೂಕಕ್ಕೆ ಸೇರಿಸಿದ ಕಲ್ಲು. ದಕ್ಷತೆಯ ಮುದ್ರೆಯೂ ಇರಲಿಲ್ಲ. ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಷ್ಟು ಹಗುರ.

ಅಲ್ಲಿಗೆ ಎರಡೂ ಯಂತ್ರಗಳ ಎಸ್‌ಎಂಪಿಎಸ್ ನಮಗೆ ಬೇಡವಾದವು. ವ್ಯತ್ಯಾಸ ಇಷ್ಟೇ: ಇದು ಎಟಿಎಕ್ಸ್ ಅಳತೆಯದು, ಹಿಂದೆ ನಾಲ್ಕು ಸ್ಕ್ರೂ ಬಿಚ್ಚಿದರೆ ಹೊರಗೆ ಬರುತ್ತದೆ, ಹೊಸದು ಅದೇ ತೂತುಗಳಿಗೆ ಕೂರುತ್ತದೆ. ಬೋರ್ಡೂ ಸಾಮಾನ್ಯ ಅಳತೆಯದು, ಫ್ಯಾನ್ ಕನೆಕ್ಟರ್ ನಾಲ್ಕು ಪಿನ್. ಗಾಜಿನದನ್ನು ಕೊಟ್ಟವರು ಅಗ್ಗದ ಭಾಗ ಹಾಕಿದ್ದರು, ಬೀಗ ಹಾಕಿರಲಿಲ್ಲ. ಅಗ್ಗದ್ದನ್ನು ಕಿತ್ತೆಸೆಯಬಹುದು. ಅಲ್ಲೇ ತೀರ್ಮಾನವಾಯಿತು. ಮಾರುವವರೊಡನೆ ಮಾತಾಡುವಾಗ ಲೇಬಲ್‌ನ ಫೋಟೊ ಮುಂದಿಟ್ಟೆವು. ಎಸ್‌ಎಂಪಿಎಸ್ ಇಲ್ಲವೆಂದೇ ಲೆಕ್ಕ ಹಾಕಿ ಬೆಲೆ ಇಳಿಸಿದರು.

ಹೊಸ 550 ವಾಟ್‌ನದು ತಂದು ಹಾಕುವ ಕೆಲಸವನ್ನು ಹುಡುಗನಿಗೇ ಬಿಟ್ಟೆ. ಹಳೆಯ ಕೇಬಲ್‌ಗಳು ಕ್ಯಾಬಿನೆಟ್‌ನ ಹಿಂಬದಿಯಲ್ಲಿ ಚೆನ್ನಾಗಿ ಕಟ್ಟಿವೆ, ಅವನ್ನೇ ಉಳಿಸಿಕೊಂಡು ಹೊಸ ಎಸ್‌ಎಂಪಿಎಸ್‌ಗೆ ಸಿಕ್ಕಿಸಬಹುದೇ ಎಂದು ಕೇಳಿದ. ಇಲ್ಲಿ ಅದು ಸಾಧ್ಯವೂ ಇರಲಿಲ್ಲ, ಹಳೆಯದರ ಕೇಬಲ್‌ಗಳು ಅದರ ಹೊಟ್ಟೆಯಿಂದಲೇ ಹೊರಟಿದ್ದವು. ಆದರೆ ಬಿಡಿಸಬಹುದಾದ ಕೇಬಲ್‌ಗಳ ಎಸ್‌ಎಂಪಿಎಸ್ ಇರುವವರು ಗಮನಿಸಬೇಕು. ಬೋರ್ಡಿನ ಕಡೆಯ ತುದಿಗೆ ನಿಯಮವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಕನೆಕ್ಟರ್ ಆಕಾರ ಒಂದೇ ಇದ್ದರೂ ಯಾವ ಪಿನ್‌ನಲ್ಲಿ ಯಾವ ವೋಲ್ಟ್ ಎಂಬುದು ತಯಾರಕರಿಂದ ತಯಾರಕರಿಗೆ, ಕೆಲವೊಮ್ಮೆ ಒಬ್ಬನೇ ತಯಾರಕನ ಎರಡು ಮಾದರಿಗಳಲ್ಲೂ ಬೇರೆ. 5 ವೋಲ್ಟ್ ಬರಬೇಕಾದಲ್ಲಿ 12 ಬಂದರೆ ಡಿಸ್ಕ್ ಸುಡಲು ಕ್ಷಣ ಸಾಕು.

ಎಲ್ಲ ಜೋಡಿಸಿ ಆನ್ ಮಾಡಿದ. ಫ್ಯಾನ್ ತಿರುಗಿದವು, ದೀಪ ಕುಣಿದವು, ಪರದೆ ಕಪ್ಪು.

ನಾನು ಮಾತಾಡದೆ ನೋಡುತ್ತ ಕುಳಿತೆ. ರ‍್ಯಾಮ್ ಕಿತ್ತು ಹಾಕಿದ. ಕಾರ್ಡ್ ಒತ್ತಿ ನೋಡಿದ. ಹತ್ತು ನಿಮಿಷದ ನಂತರ ಬೋರ್ಡಿನ ಎಡಮೂಲೆಯಲ್ಲಿ, ಹೀಟ್‌ಸಿಂಕ್‌ನ ನೆರಳಿನಲ್ಲಿ, ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಎಂಟು ಪಿನ್‌ನ ಜಾಗ ಖಾಲಿ ಬಾಯಿ ತೆರೆದಿರುವುದು ಕಂಡಿತು. ಅಲ್ಲಿಗೆ ಕಾರ್ಡಿನ ಎಂಟು ಪಿನ್ ಕೇಬಲನ್ನು ಒಯ್ದಾಗ ಮಾತ್ರ ಕೈ ಹಿಡಿದೆ. ಎರಡೂ ಎಂಟೇ ಪಿನ್, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಸಾಲುಗಳು ತಲೆಕೆಳಗು. ಪ್ರೊಸೆಸರ್‌ನದು ನಾಲ್ಕು ಮತ್ತು ನಾಲ್ಕಾಗಿ ಸೀಳುತ್ತದೆ, ಕಾರ್ಡಿನದು ಆರು ಮತ್ತು ಎರಡಾಗಿ. ನೋಡಿದ ತಕ್ಷಣ ಗುರುತಿಸಲು ಇದಕ್ಕಿಂತ ಸುಲಭದ ಉಪಾಯ ನನಗೆ ಗೊತ್ತಿಲ್ಲ.

ಸರಿಯಾದ ಕೇಬಲ್ ಹಾಕಿದ. ಪರದೆ ಇನ್ನೂ ಕಪ್ಪು. ಈ ಸಲ ತಪ್ಪು ಹಿಂದುಗಡೆ: ಪರದೆಯ ಕೇಬಲನ್ನು ಬೋರ್ಡಿನ ಎಚ್‌ಡಿಎಂಐಗೆ ಸಿಕ್ಕಿಸಿದ್ದ. 12400ಎಫ್‌ನಲ್ಲಿರುವ ‘ಎಫ್’ ಎಂದರೆ ಪ್ರೊಸೆಸರ್‌ನೊಳಗೆ ಚಿತ್ರ ಮೂಡಿಸುವ ಭಾಗ ಕೆಲಸ ಮಾಡುವುದಿಲ್ಲ ಎಂದರ್ಥ. ಬೋರ್ಡಿನ ಆ ತೂತು ಈ ಪ್ರೊಸೆಸರ್ ಮಟ್ಟಿಗೆ ಬರೀ ಅಲಂಕಾರ. ಕೇಬಲ್ ಕಾರ್ಡಿಗೆ ಬಂತು, ಪರದೆ ಬೆಳಗಿತು.

ತೀರ್ಮಾನದ ನಂತರ

ರ‍್ಯಾಮ್ ಪಟ್ಟಿ, ಎಸ್‌ಎಸ್‌ಡಿ ಎರಡೂ ಕಪ್ಪು ಟವರ್‌ನಿಂದ ಗಾಜಿನ ಪೆಟ್ಟಿಗೆಗೆ ನಡೆದು ಬಂದವು. ಲ್ಯಾಪ್‌ಟಾಪಿನ ಸ್ಕ್ರೂ ಕೂಡ ಬಂತು, ಯಾಕೆಂದರೆ ಈ ಬೋರ್ಡಿನಲ್ಲೂ ಆ ಸ್ಕ್ರೂ ಇರಲಿಲ್ಲ. ಮಾರಾಟಕ್ಕಿಟ್ಟವರು ಕೊಟ್ಟಿದ್ದ ಎಸ್‌ಎಸ್‌ಡಿ ಸಾಟಾ ಜಾತಿಯದು, ಎಂ.2 ಸ್ಲಾಟನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಕಪ್ಪು ಟವರನ್ನು ಧೂಳು ತೆಗೆದ ಸ್ಥಿತಿಯಲ್ಲಿ ಮರಳಿಸಿದೆ. ಲೆಕ್ಕಪತ್ರ ಬರೆಯುವವರ ಮೇಜಿಗೆ ಅದು ಇನ್ನೂ ಹಲವು ವರ್ಷ ಒಳ್ಳೆಯ ಯಂತ್ರ. 75 ವಾಟ್‌ನೊಳಗಿನ ಕಾರ್ಡ್ ಒಂದೇ ಸಾಕು, ಮುಂದೆ ಬದಲಿಸುವುದೇನೂ ಇಲ್ಲ ಎನ್ನುವವರಿಗೆ ಆಟಕ್ಕೂ ಆದೀತು. ನಮ್ಮ ಹುಡುಗ ಆ ಪೈಕಿ ಅಲ್ಲ. ಅವನ ಕಣ್ಣು ಈಗಾಗಲೇ 8 ಜಿಬಿಯ ಆರ್‌ಎಕ್ಸ್ 6600 ಮೇಲಿದೆ: 132 ವಾಟ್, ಒಂದು ಎಂಟು ಪಿನ್ ಕೇಬಲ್. ಆ ಕೇಬಲ್ ಹೊಸ ಎಸ್‌ಎಂಪಿಎಸ್‌ನಿಂದ ಹೊರಟು ಕ್ಯಾಬಿನೆಟ್ ಒಳಗೆ ಸುತ್ತಿ ಕಟ್ಟಿಕೊಂಡು ಕಾಯುತ್ತಿದೆ.

ಉಳಿದ ತಕರಾರು ಒಂದೇ, ಮುಂದಿನ ಗಾಜು. ಮೂರು ಫ್ಯಾನ್‌ಗಳೂ ಗಾಜಿಗೆ ಮುಖವೊತ್ತಿ ನಿಂತಿವೆ, ಪಕ್ಕದ ಸಣ್ಣ ಸೀಳಿನಿಂದ ಬಂದಷ್ಟೇ ಗಾಳಿ. ಅರ್ಧ ಗಂಟೆ ಆಡಿದಾಗ ಕಾರ್ಡ್ 81 ಡಿಗ್ರಿ ತೋರಿಸಿತು. ಗಾಜು ಕಳಚಿಟ್ಟು ಮತ್ತೆ ಅರ್ಧ ಗಂಟೆ, 73. “ಕಳಚಿಯೇ ಇಡು” ಎಂದೆ. “ಹಾಗಾದರೆ ಒಳಗೆ ಧೂಳು ಹೋಗುವುದಿಲ್ಲವೇ ಮಾಮ?” ಎಂದ. ಧೂಳಿನ ಚಿಂತೆ ಅವನಿಗೆ ಅದೇ ಮೊದಲು ಬಂದದ್ದು. ಕೊನೆಗೆ ಗಾಜಿನ ನಾಲ್ಕು ಮೂಲೆಗೆ 15 ಮಿಲಿಮೀಟರ್‌ನ ನೈಲಾನ್ ಸ್ಪೇಸರ್ ಕೊಟ್ಟು, ಉದ್ದ ಸ್ಕ್ರೂ ಹಾಕಿ, ಪೆಟ್ಟಿಗೆಯಿಂದ ಸ್ವಲ್ಪ ಮುಂದೆ ನಿಲ್ಲಿಸಿದೆವು. ನಡುವಿನ ಸಂದಿಗೆ ತೆಳುವಾದ ಜಾಲರಿ. 76 ಡಿಗ್ರಿ. ಬಣ್ಣದ ದೀಪಗಳೂ ಕಾಣುತ್ತವೆ.